ನೈಜೀರಿಯಾ ಎಂದರೆ ನೈಜೀರಿಯಾನೇ

ಏಳು ಸಮುದ್ರಗಳ ಆಚೆ, ಏಳು ಟೋಲ್‌ಗೇಟುಗಳ ಈಚೆ, ನ್ಯೂಜೆರ್ಸಿಯಲ್ಲಿ, ಮೆಟುಚೆನ್ ಎಂಬುದೊಂದು ಊರಿತ್ತು. ಆ ಊರನ್ನು ಒಬ್ಬ ರಾಜ ಆಳುತ್ತಿದ್ದ ಎಂದು ಶುರುಮಾಡಿದರೆ ಕಥೆಗೆ ಕಳೆ ಬರುತ್ತಿತ್ತು. ಆದರೆ ಅಲ್ಲಿ ರಾಜನಿರಲಿಲ್ಲ, ಮೇಯರ್ ಇದ್ದರು. ಕಸದ ಗಾಡಿ ಯಾವ ದಿನ ಬರುತ್ತದೆ ಎಂಬ ಒಂದು ವಿಷಯ ಬಿಟ್ಟು ಬೇರೆ ಯಾವುದಕ್ಕೂ ಅವರು ಪ್ರಜೆಗಳನ್ನು ಕಾಡುತ್ತಿರಲಿಲ್ಲ. ರಾಕ್ಷಸನೂ ಇರಲಿಲ್ಲ. ಇದ್ದವನು ಜಯರಾಮು. ದಿನಾ ಬೆಳಿಗ್ಗೆ ರೈಲು ಹತ್ತಿ ಮ್ಯಾನ್‌ಹಟನ್‌ಗೆ ಹೋಗಿ, ಯಾರೋ ಬರೆದಿಟ್ಟ ಪ್ರೋಗ್ರಾಮಿನಲ್ಲಿ ಇನ್ಯಾರೋ ಮಾಡಿದ ತಪ್ಪನ್ನು ಹುಡುಕಿ, ಸಂಜೆ ಅದೇ ರೈಲಿನಲ್ಲಿ ತೂಕಡಿಸುತ್ತ ಮನೆಗೆ ಬರುವವನು. ಮನೆಯಲ್ಲಿ ಹೆಂಡತಿ ಹಂಸಾ, ಮಗಳು ನಿಧಿ, ಆರು ತಿಂಗಳಿಗೆಂದು ಊರಿನಿಂದ ಬಂದಿದ್ದ ತಾಯಿ ಅಕ್ಕಮ್ಮ. ಹೂಂಗುಟ್ಟುವವರು ಹೂಂಗುಟ್ಟಬಹುದು, ಕಥೆ ಹೊರಟಿದೆ.

ಅಜ್ಜಿಯರ ಕಥೆಗಳಲ್ಲಿ ತಾಯಿಗೆ ಕೊಟ್ಟ ಮಾತಿಗಾಗಿ ಮಗ ಹುಲಿಯ ಹಾಲು ತರಲು ಕಾಡಿಗೆ ಹೋಗುತ್ತಾನೆ. ಜಯರಾಮುವಿನ ತಾಯಿ ಕೇಳಿದ್ದು ಹುಲಿಯ ಹಾಲನ್ನಲ್ಲ, ವಂದನಾರ್ಪಣೆಯನ್ನು.

ಅಕ್ಕಮ್ಮನವರು ಮಳವಳ್ಳಿಯ ಕಡೆ ಹೆಡ್‌ಮಿಸ್ಸಾಗಿದ್ದು ನಿವೃತ್ತರಾದವರು. ಆ ಸೀಮೆಯಲ್ಲಿ ಸ್ವಾಗತ ಭಾಷಣ ಯಾರಾದರೂ ಮಾಡಿಕೊಳ್ಳಲಿ, ವಂದನಾರ್ಪಣೆ ಮಾತ್ರ ಅವರದೇ. ಮೈಕಿನವನಿಂದ ಹಿಡಿದು, ಆ ಹೊತ್ತಿಗೆ ಸರಿಯಾಗಿ ಸುರಿಯದೆ ಸಹಕರಿಸಿದ ಮೋಡದವರೆಗೆ ಒಬ್ಬರನ್ನೂ ಬಿಡದೆ ವಂದಿಸುವುದು ಅವರ ಪದ್ಧತಿ. ಅವರಿಗೆ ಅಮೆರಿಕದ ಜಲಪಾತ ತೋರಿಸಿದರು, ಚೆನ್ನಾಗಿದೆ ಅಂದರು. ಎತ್ತರದ ಕಟ್ಟಡ ತೋರಿಸಿದರು, ಎತ್ತರವಾಗಿದೆ ಅಂದರು. ಕನ್ನಡ ಬಳಗದ ದೀಪಾವಳಿ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದಾಗ ಮಾತ್ರ ಅವರ ಮುಖ ಕಂದಿತು. ಕೊನೆಯ ಹಾಡು ಮುಗಿಯುತ್ತಿದ್ದಂತೆ ಯಾರೋ ಮೈಕಿಗೆ ಬಂದು, “ಥ್ಯಾಂಕ್ಸ್ ಎವ್ರಿಬಡಿ, ಊಟ ರೆಡಿ” ಎಂದು ಹೇಳಿ ಇಳಿದುಹೋಗಿದ್ದರು. ಮುನ್ನೂರು ಜನ ತಟ್ಟೆ ಹಿಡಿದು ಓಡಿದ್ದರು.

“ಇಷ್ಟೆಲ್ಲ ಮಾಡಿ ಒಂದು ವಂದನಾರ್ಪಣೆ ಇಲ್ಲವಲ್ಲೋ ಜಯರಾಮು,” ಎಂದರು ಅಕ್ಕಮ್ಮ, ಕಾರಿನಲ್ಲಿ. “ಪಾಪ, ನಿಮಗೆ ಹೇಳಿಕೊಡುವವರು ಯಾರೂ ಇಲ್ಲ ಅನ್ನಿಸುತ್ತೆ.”

ಯುಗಾದಿ ಕಾರ್ಯಕ್ರಮದ ವಂದನಾರ್ಪಣೆ ನಿನ್ನದೇ ಕಣಮ್ಮ, ನಾನಿದ್ದೇನೆ ಎಂದು ಜಯರಾಮು ಅವತ್ತೇ ಮಾತು ಕೊಟ್ಟ. ಬಳಗದ ಅಧ್ಯಕ್ಷ ಜಯತೀರ್ಥರೂ ಸಂತೋಷದಿಂದ ಒಪ್ಪಿದರು. ಸುದ್ದಿ ಮಳವಳ್ಳಿಗೆ ಹೋಯಿತು. ಅಕ್ಕಮ್ಮನವರ ತಂಗಿ ಲಕ್ಷ್ಮಮ್ಮನವರು ನಿವೃತ್ತ ಶಿಕ್ಷಕಿಯರನ್ನೆಲ್ಲ ತಮ್ಮ ಮನೆಗೆ ಕರೆದು, ನಿದ್ದೆಗೆಟ್ಟಾದರೂ ಯೂಟ್ಯೂಬಿನಲ್ಲಿ ನೇರಪ್ರಸಾರ ನೋಡುವುದೆಂದು ನಿಶ್ಚಯಿಸಿದರು. ಯುಗಾದಿ ಮುಗಿದ ಎರಡು ದಿನಕ್ಕೇ ಅಕ್ಕಮ್ಮನವರ ವಿಮಾನ. ಹಾಗಾಗಿ ಇದು ಮೊದಲ ಅವಕಾಶವೂ ಹೌದು, ಕೊನೆಯದೂ ಹೌದು. ಅಕ್ಕಮ್ಮ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಸೌಟು ಹಿಡಿದು ಅಭ್ಯಾಸ ಶುರುಮಾಡಿದರು. ಒಲೆಗೆ, ಫ್ರಿಜ್ಜಿಗೆ, ಕೊನೆಗೆ ಡಿಶ್‌ವಾಷರಿಗೂ ತುಂಬುಹೃದಯದ ವಂದನೆಗಳು ಸಲ್ಲುತ್ತಿದ್ದವು.

ಇಷ್ಟರವರೆಗೆ ಎಲ್ಲ ಸುಖವಾಗಿತ್ತು. ಕೆಡಿಸಿದ್ದು ನಗು.

ರೈಲಿನಲ್ಲಿ ಜಯರಾಮುವಿನ ಪಕ್ಕ ಕೂರುತ್ತಿದ್ದವನು ಫೆಮಿ. ನೈಜೀರಿಯಾದವನು, ಮೂವತ್ತರ ಆಸುಪಾಸಿನವನು, ಯಾವುದೋ ವಿಮಾ ಕಚೇರಿಯಲ್ಲಿ ಕೆಲಸ. ಸಂಬಳ ಅಲ್ಲಿಂದ ಬಂದರೂ ಅವನ ಪ್ರಾಣ ಫೋನಿನಲ್ಲಿತ್ತು. ತನ್ನ ದೇಶದ ರಾಜಕಾರಣಿಗಳ ಮೇಲೆ, ಮದುವೆಮನೆಗಳ ಮೇಲೆ, ಬಾರದ ಕರೆಂಟಿನ ಮೇಲೆ ಅವನು ನಾಲ್ಕು ಸಾಲು ಬರೆದು ಹಾಕಿದರೆ ಲಾಗೋಸ್‌ನಿಂದ ಲಂಡನ್‌ವರೆಗೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಜಯರಾಮುವಿಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ. ಆದರೆ ಅವನ ಬಾಳಿನಲ್ಲಿ ಇಲ್ಲಿಯವರೆಗೆ ಅವನ ಜೋಕಿಗೆ ಯಾರೂ ನಕ್ಕಿರಲಿಲ್ಲ. ಹಂಸಾ ಮದುವೆಯಾದ ಹೊಸತರಲ್ಲಿ ಒಮ್ಮೆ ನಕ್ಕಿದ್ದಳು, ಅದು ಬೇರೆ ಕಾರಣಕ್ಕೆ ಎಂದು ಆಮೇಲೆ ಗೊತ್ತಾಯಿತು. ಹೀಗಾಗಿ, ಇದನ್ನು ಕನ್ನಡಕ್ಕೆ ತಂದು ನಮ್ಮ ಬಳಗದವರ ಫೋನ್ ಗುಂಪಿಗೆ ಹಾಕಲೇ ಎಂದು ಅವನು ಕೇಳಿದ. ಧಾರಾಳವಾಗಿ ಹಾಕು ಎಂದ ಫೆಮಿ.

ಜಯರಾಮು ಹಾಕಿದ ಮೊದಲ ಬರಹ ಹೀಗಿತ್ತು:

“ನೈಜೀರಿಯಾದ ಸುದ್ದಿ. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದಂತೆ. ಅಂಥ ಒಬ್ಬ ಗವರ್ನರ್ ಸಾಹೇಬರು ನಿನ್ನೆ ಒಂದು ನಲ್ಲಿಯನ್ನು ಉದ್ಘಾಟಿಸಿದರು. ಒಂದೇ ಒಂದು. ಬ್ಯಾಂಡ್‌ಸೆಟ್ಟು ಬಂದಿತ್ತು. ಶಾಮಿಯಾನ ಹಾಕಿದ್ದರು. ನಲ್ಲಿಗಿಂತ ಪಕ್ಕದ ಶಿಲಾಫಲಕ ಎತ್ತರವಾಗಿತ್ತು. ರಿಬ್ಬನ್ ಕತ್ತರಿಸಿದರು, ನೀರು ಬಂತು. ಫೋಟೋ ತೆಗೆದರು, ನೀರು ನಿಂತಿತು. ಹಿಂದೆ ಹೋಗಿ ನೋಡಿದರೆ ಒಬ್ಬ ಬಕೆಟ್ಟಿನಿಂದ ಟ್ಯಾಂಕಿಗೆ ಸುರಿಯುತ್ತಿದ್ದ. ಬಕೆಟ್ಟು ಖಾಲಿಯಾದ ಮೇಲೆ ಅಭಿವೃದ್ಧಿಯೂ ಮುಗಿಯಿತು.”

ಕೆಳಗೆ ಫೆಮಿಯ ಹೆಸರು ಬರೆಯಬೇಕೆಂದು ಅವನು ಎಣಿಸಿದ್ದ. ಬೆರಳು ಮಾತ್ರ ‘ಜಯರಾಮು, ಮೆಟುಚೆನ್’ ಎಂದು ಬರೆಯಿತು. ಬೆರಳುಗಳ ವಿಷಯ ನಮಗೆ ಗೊತ್ತೇ ಇದೆ.

ಗುಂಪು ಬಿದ್ದುಬಿದ್ದು ನಕ್ಕಿತು. ವರ್ಷಗಟ್ಟಲೆ ಮಾತೇ ಆಡದವರು ಎದ್ದುಬಂದು ಕಣ್ಣೀರಿನ ನಗೆಯ ಚಿತ್ರ ಹಾಕಿದರು. ಎಂಥ ಧೈರ್ಯ ಸಾರ್ ನಿಮ್ಮದು ಎಂದು ಒಬ್ಬರು ಬರೆದರು. ನೈಜೀರಿಯಾದ ನಲ್ಲಿಯ ಬಗ್ಗೆ ನ್ಯೂಜೆರ್ಸಿಯಲ್ಲಿ ಕುಳಿತು ಬರೆಯುವುದರಲ್ಲಿ ಧೈರ್ಯವೇನು ಬಂತು ಎಂದು ಜಯರಾಮುವಿಗೆ ಹೊಳೆಯಲಿಲ್ಲ. ಹೊಗಳಿಕೆಯನ್ನು ತಿರುಗಿಸಿ ಮುರುಗಿಸಿ ನೋಡುವ ಸ್ವಭಾವ ಅವನದಲ್ಲ, ಇಟ್ಟುಕೊಂಡ. ಎಲ್ಲರಿಗಿಂತ ಕೊನೆಯಲ್ಲಿ ಅಧ್ಯಕ್ಷ ಜಯತೀರ್ಥರು ಒಂದೇ ಒಂದು ಕೈಮುಗಿದ ಚಿತ್ರ ಹಾಕಿದರು. ಕನ್ನಡ ಬಳಗದಲ್ಲಿ ಮೂರು ಕೈಮುಗಿದರೆ ಗೌರವ, ಎರಡು ಮುಗಿದರೆ ಸಂತಾಪ. ಒಂಟಿ ಕೈಮುಗಿತ ಯುದ್ಧಘೋಷಣೆ.

ಸಂಜೆ ಅವರ ಫೋನು ಬಂತು. ಜಯತೀರ್ಥರು ಧಾರವಾಡದವರು, ಸಿಟ್ಟು ಬಂದಷ್ಟೂ ಅವರ ದನಿ ಮೃದುವಾಗುತ್ತಿತ್ತು. ಆವತ್ತು ಬೆಣ್ಣೆಯ ಹಾಗಿತ್ತು.

“ಜಯರಾಮು ಅವರ, ನಾ ನಿಮಗ ಏನ್ ಮಾಡೀನ್ರಿ? ಏನರ ಇದ್ರ ನೇರ ನನ್ನ ಮುಂದ ಹೇಳಬೇಕಿತ್ತು. ಅದಕ್ಕ ನೈಜೀರಿಯಾ ತನಕ ಯಾಕ ಹೋಗಬೇಕಾಗಿತ್ತು?”

“ಸಾರ್, ಅದು ನಿಜವಾಗ್ಲೂ ನೈಜೀರಿಯಾ.”

“ಹೌದ್ರಿ. ನನಗೂ ಗೊತ್ತದ,” ಎಂದು ಜಯತೀರ್ಥರು ನಿಟ್ಟುಸಿರುಬಿಟ್ಟು ಫೋನಿಟ್ಟರು.

ನಡೆದದ್ದು ಇಷ್ಟು. ಸಂಕ್ರಾಂತಿಯ ದಿನ ಬಳಗದವರು ಒಂದು ದೊಡ್ಡ ಫಿಲ್ಟರ್ ಕಾಫಿ ಯಂತ್ರವನ್ನು ಉದ್ಘಾಟಿಸಿದ್ದರು. ಜಯತೀರ್ಥರು ರಿಬ್ಬನ್ ಕತ್ತರಿಸಿ, ಇದು ನನ್ನ ಆರು ವರ್ಷದ ಅಧ್ಯಕ್ಷಗಿರಿಯ ಕನಸು ಎಂದು ಭಾಷಣ ಮಾಡಿ ಗುಂಡಿ ಒತ್ತಿದರು. ಕಾಫಿ ಬಂತು, ಫೋಟೋ ಆಯಿತು, ಕಾಫಿ ನಿಂತಿತು. ಯಂತ್ರ ಆವಿ ಬಿಡುವುದಷ್ಟನ್ನೇ ಬಲ್ಲದೆಂದು ಹಿಂದಿನ ದಿನವೇ ಗೊತ್ತಾಗಿ, ಜಯತೀರ್ಥರ ಹೆಂಡತಿ ಕೌಸಲ್ಯಾ ಪರದೆಯ ಹಿಂದೆ ನಿಂತು ಮನೆಯಿಂದ ತಂದ ಫ್ಲಾಸ್ಕಿನಿಂದ ಅದರ ನೆತ್ತಿಗೆ ಸುರಿಯುತ್ತಿದ್ದರು. ಆ ಫ್ಲಾಸ್ಕಿನ ಗುಟ್ಟು ಗಂಡಹೆಂಡಿರಿಬ್ಬರಿಗೇ ಗೊತ್ತು ಎಂದು ಅವರ ನಂಬಿಕೆ. ಬಳಗದಲ್ಲಿ ಗೊತ್ತಿಲ್ಲದವರೆಂದರೆ ಜಯರಾಮುವಿನ ಮನೆಯವರು ಮಾತ್ರ. ಆವತ್ತು ಅವರೆಲ್ಲ ಜ್ವರ ಬಂದು ಮಲಗಿದ್ದರು. ಗುಂಪಿಗೆ ದಿನಕ್ಕೆ ಬರುವ ಇನ್ನೂರು ಸಂದೇಶಗಳನ್ನು ಜಯರಾಮು ಎಂದೋ ಮ್ಯೂಟ್ ಮಾಡಿಟ್ಟಿದ್ದ. ತಾನು ಬರೆದದ್ದನ್ನು ಬಿಟ್ಟು ಬೇರೆಯವರದನ್ನು ಅವನು ಓದುತ್ತಿರಲಿಲ್ಲ. ಈ ಅಭ್ಯಾಸ ಇತರ ಲೇಖಕರಲ್ಲೂ ಉಂಟೆಂದು ಕೇಳಿದ್ದೇನೆ.

ಅಧ್ಯಕ್ಷರಿಗೆ ಏನೋ ಬೇಜಾರಾಗಿದೆ ಎಂಬುದಷ್ಟೇ ಅವನಿಗೆ ತಿಳಿದದ್ದು. ವಂದನಾರ್ಪಣೆಯ ನೆನಪಾಯಿತು. ರಾಜಕೀಯ ಬೇಡ, ಮದುವೆಮನೆಯ ತಿಳಿಹಾಸ್ಯ ಹಾಕಿ ಸಮಾಧಾನ ಮಾಡೋಣ ಎಂದು ಫೆಮಿಯ ಇನ್ನೊಂದು ಬರಹ ಆರಿಸಿದ. ನೈಜೀರಿಯಾದ ಮದುವೆಗಳಲ್ಲಿ ನೆಂಟರೆಲ್ಲ ಒಂದೇ ಬಣ್ಣದ, ಒಂದೇ ಥಾನಿನ ಬಟ್ಟೆ ಕೊಂಡು ಹೊಲಿಸಿಕೊಳ್ಳುವ ರೂಢಿ ಇದೆ. ಕೊಂಡವರಿಗೆ ಮುಂದಿನ ಮೇಜು, ಅನ್ನದ ಮೇಲೆ ದೊಡ್ಡ ಮಾಂಸದ ತುಂಡು. ಕೊಳ್ಳದವರಿಗೆ ಕಂಬದ ಹಿಂದಿನ ಕುರ್ಚಿ, ಊಟ ಈಗ ಬರುತ್ತದೆ ಎಂಬ ಆಶ್ವಾಸನೆ. ‘ನಮ್ಮ ಅತ್ತೆ ಆ ಬಣ್ಣ ತಮಗೊಪ್ಪುವುದಿಲ್ಲ ಅಂದರು. ಊಟವೂ ಒಪ್ಪುವುದಿಲ್ಲ ಎಂದುಕೊಂಡು ಯಾರೂ ಬಡಿಸಲಿಲ್ಲ’ ಎಂದು ಫೆಮಿ ಬರೆದಿದ್ದ. ಜಯರಾಮು ಮಾಂಸದ ಬದಲು ಗೋಡಂಬಿ ಹಾಕಿದ. ಅದೇ ತಪ್ಪಾಯಿತು. ಗೋಡಂಬಿ ಕಂಡಕೂಡಲೇ ಇದು ನಮ್ಮ ಬಳಗದ್ದೇ ಎಂದು ಎಲ್ಲರೂ ಖಚಿತಪಡಿಸಿಕೊಂಡರು.

“ನಿಮಗೆ ತಲೆ ಸರಿಯಿದೆಯಾ?” ಎಂದು ಕೇಳಿದಳು ಹಂಸಾ. ಯುಗಾದಿಯ ಗುಂಪುನೃತ್ಯಕ್ಕೆಂದು ಕೌಸಲ್ಯಾ ಎಲ್ಲ ಹೆಂಗಸರಿಂದಲೂ ದೂರದ ಹಿಕ್ಸ್‌ವಿಲ್‌ನ ಒಂದೇ ಅಂಗಡಿಯ ಒಂದೇ ಗಿಳಿಹಸಿರು ಸೀರೆ ಕೊಳ್ಳಿಸಿದ್ದರು. ಆ ಬಣ್ಣ ಬೇಡವೆಂದ ಇಬ್ಬರನ್ನು ಹಿಂದಿನ ಸಾಲಿಗೆ ತಳ್ಳಿದ್ದರು. ಹಂಸಾ ಕೊಂಡಿದ್ದ ಸೀರೆ ಕಪಾಟಿನಲ್ಲೇ ಇತ್ತು. ಈ ವಿಷಯವನ್ನು ಅವಳು ಗಂಡನಿಗೆ ಅಡಿಯಿಂದ ಮುಡಿಯವರೆಗೆ ಹೇಳಿದ್ದಳು. ಅವನು ಅಡಿಯಿಂದ ಮುಡಿಯವರೆಗೆ ಹ್ಞೂಂ ಅಂದಿದ್ದ.

ಮರುದಿನದಿಂದ ಕೌಸಲ್ಯಾ ಹಂಸಾಳನ್ನು ನೃತ್ಯದ ಹಿಂದಿನ ಸಾಲಿಗೆ ಕಳಿಸಿದರು. ಅದಾದ ಮೇಲೆ ಹಂಸಾ ಮನೆಯಲ್ಲಿ ಅಗತ್ಯಕ್ಕೆ ತಕ್ಕಷ್ಟೇ ಮಾತಾಡುತ್ತಿದ್ದಳು. ಜಯರಾಮುವಿನ ಜೊತೆ ಅವಳಿಗೆ ಅಗತ್ಯ ಕಡಿಮೆ.

ಇಷ್ಟರಲ್ಲಿ ಒಂದು ಭಾನುವಾರ ಸುಬ್ಬು ಪೇಡೆಯ ಡಬ್ಬಿ ಹಿಡಿದು ಬಂದ. ಬಳಗದ ಮುಂದಿನ ಚುನಾವಣೆಗೆ ಜಯತೀರ್ಥರ ವಿರುದ್ಧ ನಿಲ್ಲಲು ಹೊರಟಿದ್ದವನು ಅವನು. ಬೆಂಗಳೂರಿನವನು, ಸೋಫಾದಲ್ಲಿ ಕುಳಿತರೂ ಸ್ಕೂಟರಿನ ಮೇಲೆ ಕುಳಿತವನಂತೆ ಕಾಣುತ್ತಿದ್ದ. ಕಾಫಿ ಯಂತ್ರದ ಕಥೆಯನ್ನು ಅವನೇ ಮೊದಲ ಬಾರಿಗೆ ಜಯರಾಮುವಿಗೆ ಬಿಡಿಸಿ ಹೇಳಿದ್ದು. ಕೇಳುತ್ತ ಕೇಳುತ್ತ ಜಯರಾಮುವಿನ ಕೈಯ ಪೇಡೆ ಪುಡಿಯಾಯಿತು.

“ನಿಮ್ಮ ಪೆನ್ನಿಗೆ ಗತ್ತಿದೆ ಸಾರ್. ನಮ್ಮ ಪ್ಯಾನೆಲ್ಲಿಂದ ವೈಸ್ ಪ್ರೆಸಿಡೆಂಟು ನೀವೇ,” ಎಂದ ಸುಬ್ಬು.

“ಸುಬ್ಬು, ದೇವರಾಣೆ, ನೈಜೀರಿಯಾ ಎಂದರೆ ನೈಜೀರಿಯಾನೇ.”

ಸುಬ್ಬು ಕಣ್ಣು ಹೊಡೆದ. “ಹಾಗೇ ಮೇಂಟೇನ್ ಮಾಡಿ ಸಾರ್. ಕೋರ್ಟಲ್ಲೂ ನಿಲ್ಲತ್ತೆ.”

ಅವನು ಕಾಫಿ ಕುಡಿದು ಹೋದದ್ದನ್ನು ಅರ್ಧ ಮೆಟುಚೆನ್ ನೋಡಿತ್ತು. ತಾನು ಸುಬ್ಬುವಿನ ಕಡೆಯವನಲ್ಲ ಎಂದು ತೋರಿಸಿಕೊಳ್ಳಲು ಜಯರಾಮುವಿಗೆ ಹೊಳೆದ ಉಪಾಯವೆಂದರೆ ಇನ್ನೊಂದು ಬರಹ. ತಲೆ ಕೆಟ್ಟವನಿಗೆ ಕೈಗೆ ಸಿಕ್ಕಿದ್ದೇ ಮದ್ದು. ‘ನೈಜೀರಿಯಾದ ಒಬ್ಬ ಸೆನೆಟರ್ ರಾತ್ರಿ ಒಂದು ಪಕ್ಷದಲ್ಲಿ ಮಲಗಿ ಬೆಳಿಗ್ಗೆ ಇನ್ನೊಂದು ಪಕ್ಷದಲ್ಲಿ ಎದ್ದರು. ಹಲ್ಲುಜ್ಜುವ ಮುಂಚೆ ಹೆಂಡತಿಯನ್ನು ಕೇಳಿದರು: ಇವತ್ತಿನಿಂದ ನಾವು ಬೈಯಬೇಕಾದ್ದು ಯಾರನ್ನು?’ ಹೋದ ನವೆಂಬರಿನವರೆಗೆ ಸುಬ್ಬು ಜಯತೀರ್ಥರ ಬಲಗೈಯಾಗಿದ್ದು, ಒಂದು ರಾತ್ರಿ ಕಳೆಯುವುದರೊಳಗೆ ಅವರ ವಿರೋಧಿಯಾಗಿದ್ದನೆಂಬುದು ಜಯರಾಮುವನ್ನು ಬಿಟ್ಟು ಎಲ್ಲರಿಗೂ ನೆನಪಿತ್ತು. ಸುಬ್ಬು ಫೋನು ಮಾಡಿ, ಉಪ್ಪು ತಿಂದ ಮನೆಗೆ ದ್ರೋಹ ಮಾಡುವವರನ್ನು ನೋಡಿದ್ದೆ, ಪೇಡೆ ತಿಂದು ಮಾಡುವವರನ್ನು ಇವತ್ತೇ ನೋಡಿದ್ದು ಎಂದ.

ಈಗ ಎರಡು ಕಡೆಯವರೂ ಜಯರಾಮುವಿನ ಶತ್ರುಗಳು. ಅವನು ಬೆವರುತ್ತ ಒಂದು ಸ್ಪಷ್ಟೀಕರಣ ಬರೆದ. ‘ನೈಜೀರಿಯಾ ಪಶ್ಚಿಮ ಆಫ್ರಿಕಾದ ಒಂದು ದೇಶ. ರಾಜಧಾನಿ ಅಬುಜಾ. ದೊಡ್ಡ ನಗರ ಲಾಗೋಸ್. ನಕ್ಷೆ ಲಗತ್ತಿಸಿದೆ. ನನ್ನ ಬರಹಗಳು ಆ ದೇಶಕ್ಕೆ ಮಾತ್ರ ಸಂಬಂಧಿಸಿವೆ.’ ಗುಂಪು ಹಿಂದೆಂದೂ ಇಷ್ಟು ನಕ್ಕಿರಲಿಲ್ಲ. ಅಬುಜಾ ಎಂದರೆ ಪಕ್ಕದೂರು ಎಡಿಸನ್ನೋ ಮನ್ರೋವೋ ಎಂಬ ಚರ್ಚೆ ಹತ್ತಿಕೊಂಡು ಎರಡು ದಿನ ಉರಿಯಿತು. ನಕ್ಷೆಯಲ್ಲಿ ನೈಜರ್ ನದಿ ಹರಿಯುವ ವೈಖರಿ ಬಳಗದ ಹಣ ಹರಿದ ವೈಖರಿಯನ್ನೇ ಹೋಲುತ್ತದೆ ಎಂದು ಒಬ್ಬ ಡಾಕ್ಟರು ವಿಶ್ಲೇಷಿಸಿದರು. ನಿಧಿ ಅಪ್ಪನ ಫೋನನ್ನು ಇಣುಕಿ ನೋಡಿ, “ಅಪ್ಪಾ, ಯೂ ಆರ್ ಸೋ ಕ್ಯಾನ್ಸಲ್ಡ್,” ಎಂದು ತಲೆ ಸವರಿ ಹೋದಳು.

ಅದೇ ವಾರ ಯುಗಾದಿಯ ಆಮಂತ್ರಣ ಬಂತು. ಕೊನೆಯ ಸಾಲಿನಲ್ಲಿ, ‘ವಂದನಾರ್ಪಣೆ: ಶ್ರೀಮತಿ ಕೌಸಲ್ಯಾ ಜಯತೀರ್ಥ.’

ಜಯರಾಮು ಅದನ್ನು ತಾಯಿಗೆ ತೋರಿಸಲಿಲ್ಲ. ಹೇಳುವ ಬಾಯಿ ಅವನಿಗೆಲ್ಲಿಂದ ಬರಬೇಕು? ಅಡುಗೆಮನೆಯಲ್ಲಿ ಅಕ್ಕಮ್ಮನವರು ಅಧ್ಯಕ್ಷರನ್ನು ಯಾವ ವಿಶೇಷಣದಿಂದ ವಂದಿಸುವುದೆಂದು ಸೊಸೆಯನ್ನು ಕೇಳುತ್ತಿದ್ದರು. ‘ಕ್ರಿಯಾಶೀಲ’ ಸಾಕೋ, ‘ಸಹೃದಯಿ’ಯೂ ಬೇಕೋ? ಎರಡೂ ಹಾಕಿ ಅತ್ತೆ ಎಂದಳು ಹಂಸಾ, ಗಂಡನ ಕಡೆ ನೋಡುತ್ತ. ಆ ನೋಟಕ್ಕೆ ಹಾಲು ಒಡೆಯುತ್ತಿತ್ತು. ಮಳವಳ್ಳಿಯಿಂದ ಲಕ್ಷ್ಮಮ್ಮನವರು ಫೋನು ಮಾಡಿ, ಶಿಕ್ಷಕಿಯರ ಜೊತೆ ಬಿ.ಇ.ಓ. ಸಾಹೇಬರೂ ಬರುತ್ತಾರಂತೆ, ಅವರಿಗೆ ರಾತ್ರಿ ಉಪ್ಪಿಟ್ಟು ಮಾಡಿಸುತ್ತಿದ್ದೇನೆ ಎಂದರು.

ಜಯರಾಮು ರೈಲಿನಲ್ಲಿ ಫೆಮಿಯ ಮುಂದೆ ಎಲ್ಲವನ್ನೂ ತೋಡಿಕೊಂಡ. ಕಾಫಿ ಯಂತ್ರ, ಫ್ಲಾಸ್ಕು, ಗಿಳಿಹಸಿರು ಸೀರೆ, ತಾಯಿಯ ಸೌಟು. ಫೆಮಿ ನಕ್ಕು ನಕ್ಕು ಕಿಟಕಿಗೆ ಹಣೆ ಒತ್ತಿಕೊಂಡ. ಆಮೇಲೆ ಅಭ್ಯಾಸಬಲದಿಂದ ಅದನ್ನೇ ನಾಲ್ಕು ಸಾಲು ಬರೆದು ತನ್ನವರಿಗೆ ಹಾಕಿದ. ‘ನ್ಯೂಜೆರ್ಸಿಯ ಒಂದು ಭಾರತೀಯ ಸಂಘದಲ್ಲಿ ಅಧ್ಯಕ್ಷರೊಬ್ಬರು ಕಾಫಿ ಯಂತ್ರ ಉದ್ಘಾಟಿಸಿದರು’ ಎಂದೇ ಶುರುಮಾಡಿದ್ದ.

ಮರುದಿನ ಫೆಮಿ ರೈಲು ಹತ್ತಿದಾಗ ಅವನ ಮುಖದಲ್ಲಿ ನಗುವಿರಲಿಲ್ಲ.

ಅವನ ಊರಿನ ಪುರಸಭೆಯ ಅಧ್ಯಕ್ಷರು ಅವನ ಸ್ವಂತ ಸೋದರಮಾವ. ಅವರು ಹೋದ ತಿಂಗಳು ಒಂದು ಟ್ರಾನ್ಸ್‌ಫಾರ್ಮರ್ ಉದ್ಘಾಟಿಸಿದ್ದರು. ಭಾಷಣ ಮುಗಿಯುವವರೆಗೆ ದೀಪ ಉರಿದಿತ್ತು. ಫೆಮಿಯ ಬರಹ ಓದಿದ ಊರಿನವರು, ‘ಇಂಡಿಯನ್ ಸಂಘ’ವಂತೆ, ‘ಕಾಫಿ ಯಂತ್ರ’ವಂತೆ, ಹುಡುಗ ಎಷ್ಟು ಜಾಣತನದಿಂದ ಮುಚ್ಚಿ ಬರೆದಿದ್ದಾನೆ ನೋಡಿ ಎಂದು ಒಬ್ಬರಿಗೊಬ್ಬರು ಹಂಚಿದ್ದರು. ಮಾವ ಫೋನು ಮಾಡಿ, ಬರುವ ಡಿಸೆಂಬರಿನ ನಿನ್ನ ಮದುವೆಗೆ ವರನ ಕಡೆಯ ಹಿರಿಯನಾಗಿ ಬೇರೆ ಯಾರನ್ನಾದರೂ ನೋಡಿಕೋ ಎಂದುಬಿಟ್ಟಿದ್ದರು.

“ಇಂಡಿಯನ್ ಸಂಘ ಎಂದರೆ ಇಂಡಿಯನ್ ಸಂಘವೇ ಎಂದು ನೂರು ಸಲ ಹೇಳಿದೆ,” ಎಂದ ಫೆಮಿ. “ನಗುತ್ತಾರೆ.”

ನೈಜೀರಿಯಾ ಇದೆ ಎಂದು ಒಬ್ಬನು ಸಾಬೀತು ಮಾಡಬೇಕು, ಕಾಫಿ ಯಂತ್ರ ಇದೆ ಎಂದು ಇನ್ನೊಬ್ಬನು. ಲಿಂಡನ್ ನಿಲ್ದಾಣ ಬರುವ ಹೊತ್ತಿಗೆ ತೀರ್ಮಾನವಾಯಿತು. ಜಯರಾಮು ಫೆಮಿಯನ್ನು ಯುಗಾದಿಗೆ ಕರೆದುಕೊಂಡು ಹೋಗುವುದು. ಫೆಮಿ ಜಯತೀರ್ಥರನ್ನೂ ಯಂತ್ರವನ್ನೂ ಒಂದೇ ಫೋಟೋದಲ್ಲಿ ಹಿಡಿಯುವುದು.

ಯುಗಾದಿಯ ದಿನ ಮನ್ರೋದ ಶಾಲೆಯೊಂದರ ಸಭಾಂಗಣದ ಬಾಗಿಲಲ್ಲಿ ಜಯತೀರ್ಥರೇ ಬೇವುಬೆಲ್ಲ ಹಂಚುತ್ತಿದ್ದರು. ಅಕ್ಕಮ್ಮನವರು ಇಳಕಲ್ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಸೀದಾ ಹೋಗಿ ಮೊದಲ ಸಾಲಿನಲ್ಲಿ ಕುಳಿತರು. ಹಿಂದಿನಿಂದ ಜಯರಾಮು ಬಂದ. ಜಯತೀರ್ಥರು ಅವನ ಅಂಗೈಗೆ ಬೆಲ್ಲ ಕಾಣದ ಹಾಗೆ ಬೇವು ಹಾಕಿದರು.

“ಸಾರ್, ಇವರು ಫೆಮಿ. ಬರೆಯುವವರು ಇವರೇ. ನಾನು ಕನ್ನಡಕ್ಕೆ ತಂದದ್ದು ಮಾತ್ರ. ಇವರ ಹೆಸರು ಹಾಕದೆ ನನ್ನ ಹೆಸರು ಹಾಕಿಕೊಂಡೆ.”

ನೆಲಮುಟ್ಟುವ ಆಕಾಶನೀಲಿ ನಿಲುವಂಗಿ, ಅದೇ ಬಣ್ಣದ ಟೋಪಿ ಹಾಕಿಕೊಂಡು ಬಂದಿದ್ದ ಫೆಮಿಯನ್ನು ಜಯತೀರ್ಥರು ಮೇಲಿನಿಂದ ಕೆಳಗೆ ನೋಡಿದರು. ಅಷ್ಟರಲ್ಲಿ ಸುತ್ತ ಜನ ಸೇರಿತ್ತು. ಜಯರಾಮು ನ್ಯೂಯಾರ್ಕಿನಿಂದ ನಾಟಕದವನನ್ನು ಕರೆತಂದಿದ್ದಾನೆ ಎಂದು ಸುಬ್ಬು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಫೆಮಿಗೆ ಕನ್ನಡ ಬಾರದು. ಎದುರಿಗಿರುವವರು ಹಿರಿಯರು, ಅಧ್ಯಕ್ಷರು, ತನ್ನಿಂದ ನೊಂದವರು ಎಂಬುದಷ್ಟು ಗೊತ್ತಿತ್ತು. ಅಂಥವರೆದುರು ಅವನ ಊರಿನ ಯೊರುಬಾ ಜನಾಂಗದ ಗಂಡಸರು ಏನು ಮಾಡುತ್ತಾರೋ ಅದನ್ನೇ ಅವನೂ ಮಾಡಿದ. ನಿಲುವಂಗಿಯನ್ನು ಎತ್ತಿ ಕಟ್ಟಿ, ಶಾಲೆಯ ಬಾಗಿಲಲ್ಲಿ ಉದ್ದಂಡ ಮಲಗಿ, ಎದೆ ನೆಲಕ್ಕೆ ತಾಗಿಸಿ ಜಯತೀರ್ಥರಿಗೆ ನಮಸ್ಕಾರ ಮಾಡಿದ.

ಸ್ವಂತ ಮಗನೇ ಹಬ್ಬದ ದಿನ ತಲೆಯನ್ನಷ್ಟು ಅಲ್ಲಾಡಿಸಿ, “ಹ್ಯಾಪಿ ಯುಗಾದಿ, ಡ್ಯಾಡ್” ಎಂದು ಹೋಗುವ ಮನೆ ಜಯತೀರ್ಥರದು. ಅವರು ಬೇವುಬೆಲ್ಲದ ಬಟ್ಟಲನ್ನು ಯಾರ ಕೈಗೋ ಕೊಟ್ಟು, ಬಗ್ಗಿ, “ಏಳಪಾ, ಏಳು. ಆಯುಷ್ಮಾನ್ ಭವ,” ಎಂದರು. ಅವರ ದನಿ ಒರಟಾಗಿತ್ತು. ಸಿಟ್ಟು ಹೋಗಿರುವುದು ಅದರಿಂದಲೇ ಗೊತ್ತಾಯಿತು.

ಎದ್ದ ಫೆಮಿ ಫೋನಿನಲ್ಲಿ ನಲ್ಲಿಯ ವಿಡಿಯೋ ತೋರಿಸಿದ. ಬ್ಯಾಂಡ್‌ಸೆಟ್ಟು, ಶಾಮಿಯಾನ, ಎತ್ತರದ ಶಿಲಾಫಲಕ, ಕತ್ತರಿ ಹಿಡಿದ ಗವರ್ನರು, ಬಂದು ನಿಂತ ನೀರು, ಎಲ್ಲ ಇತ್ತು. ಜಯತೀರ್ಥರು ಅದನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದರು. ಸುತ್ತಲಿನವರು ನಕ್ಕರು, ಅವರು ನಗಲಿಲ್ಲ.

“ಪಾಪ,” ಎಂದರು. “ಮೋಟರ್ ಕೈಕೊಟ್ಟಿರ್ತದ. ಇಷ್ಟು ಮಂದಿನ್ನ ಕರಸಿ ಆಗೇದ, ಆ ಮನಷ್ಯಾ ಆದ್ರೂ ಏನ್ ಮಾಡಬೇಕು? ನೋಡಿ ನಗೋರಿಗೆ ಏನ್ ಗೊತ್ತದ ರಿಬ್ಬನ್ ಮುಂದ ನಿಂತಾಂವನ ಸಂಕಟ?”

ಫೆಮಿಯ ಸರದಿ ಬಂತು. ಜ‌ಯತೀರ್ಥರನ್ನು ಹೊರಗೆ ಶೋಭೆಗೆಂದು ತಂದಿಟ್ಟಿದ್ದ ಕಾಫಿ ಯಂತ್ರದ ಪಕ್ಕ ನಿಲ್ಲಿಸಿ ಮಾವನಿಗೆ ವಿಡಿಯೋ ಕರೆ ಮಾಡಿದ. ಮಾವ ಮೊದಲು ನಂಬಲಿಲ್ಲ. ಗುಂಡಿ ಒತ್ತಿ ತೋರಿಸಿ ಎಂದರು. ಜಯತೀರ್ಥರು ಒತ್ತಿದರು, ಯಂತ್ರ ಬುಸ್ಸೆಂದು ಆವಿ ಬಿಟ್ಟು ಸುಮ್ಮನಾಯಿತು. ಆ ಕಡೆಯಿಂದ ಒಂದು ದೀರ್ಘವಾದ, ತುಂಬ ಆಪ್ತವಾದ ನಿಟ್ಟುಸಿರು ಕೇಳಿತು. ತಮ್ಮ ಟ್ರಾನ್ಸ್‌ಫಾರ್ಮರೂ ಇದೇ ಶಬ್ದ ಮಾಡಿತ್ತು ಎಂದರು ಮಾವ.

ಅಲ್ಲಿಂದ ಮುಂದಕ್ಕೆ ಆ ಇಬ್ಬರು ಅಧ್ಯಕ್ಷರನ್ನು ಬಿಡಿಸಲು ಯಾರಿಂದಲೂ ಆಗಲಿಲ್ಲ. ಗುತ್ತಿಗೆದಾರರು ಎಲ್ಲ ದೇಶದಲ್ಲೂ ಒಂದೇ ಎಂದು ಇವರೆಂದರು. ಕೆಲಸ ಮಾಡುವವನನ್ನು ಫೋನು ಹಿಡಿದು ಕೂತವರು ಗೇಲಿ ಮಾಡುವ ಕಾಲ ಬಂತೆಂದು ಅವರೆಂದರು. ಒಳಗೆ ದೀಪ ಹಚ್ಚಿದರು, ಅಧ್ಯಕ್ಷರಿಲ್ಲದೆ ಸ್ವಾಗತ ಭಾಷಣ ಮುಗಿಯಿತು, ಗಿಳಿಹಸಿರಿನ ನೃತ್ಯವೂ ಮುಗಿಯಿತು. ಹೊರಗೆ ಜಯತೀರ್ಥರು ಯಂತ್ರಕ್ಕೆ ಒರಗಿಕೊಂಡು, ನಿಮ್ಮಲ್ಲಿ ಚುನಾವಣೆ ಎಷ್ಟು ವರ್ಷಕ್ಕೊಮ್ಮೆ ಎಂದು ವಿಚಾರಿಸುತ್ತಿದ್ದರು. ಫೆಮಿಯ ಮದುವೆಗೆ ಮಾವ ಬರುವುದು ಖಚಿತವಾಯಿತು. ಜಯತೀರ್ಥರಿಗೂ ಆಮಂತ್ರಣ ಸಿಕ್ಕಿತು. ಒಂದೇ ಥಾನಿನ ಬಟ್ಟೆಯ ವಿಷಯ ಕೇಳಿದ ಕೌಸಲ್ಯಾ ಓಡಿಬಂದು ಬಣ್ಣ ಯಾವುದೆಂದು ಕೇಳಿದರು.

ಜಯರಾಮುವಿನ ಕಿವಿ ಮಾತ್ರ ಒಳಗೇ ಇತ್ತು. ಕೊನೆಯ ಹಾಡು ಶುರುವಾಗಿತ್ತು. ಶಾಲೆಯವರಿಗೆ ಸಭಾಂಗಣ ಬಿಟ್ಟುಕೊಡುವ ಹೊತ್ತು ಹತ್ತಿರವಾಗಿತ್ತು. ಅವನು ಕೈಮುಗಿದು ನಡುವೆ ಬಾಯಿ ಹಾಕಿದ. “ಸಾರ್, ನಮ್ಮಮ್ಮನ ವಂದನಾರ್ಪಣೆ.”

ಜಯತೀರ್ಥರಿಗೆ ನೆನಪಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಹೆಂಡತಿಯ ಮುಖ ನೋಡಿದರು. ಕೌಸಲ್ಯಾ ಕೈಯಾಡಿಸಿದರು. “ಅವರ ಮಾಡ್ಲಿ ಬಿಡ್ರಿ. ಅಲ್ಲಿ ಚಪಾತಿ ಕಡಿಮಿ ಬಿದ್ದಾವ, ನನಗೆಲ್ಲಿ ಪುರಸೊತ್ತದ?”

ಜಯರಾಮು ಒಳಗೆ ಓಡಿದ. ಹಾಡು ಮುಗಿದಿತ್ತು. ಯಾರೋ “ಊಟ ರೆಡಿ” ಎಂದಾಗಿತ್ತು. ಮೈಕಿನವರು ವೈರು ಸುತ್ತುತ್ತಿದ್ದರು, ಕ್ಯಾಮೆರಾ ಪೆಟ್ಟಿಗೆ ಸೇರಿತ್ತು, ಮುನ್ನೂರು ಜನ ಗೋಡೆಯುದ್ದಕ್ಕೂ ತಟ್ಟೆ ಹಿಡಿದು ನಿಂತಿದ್ದರು. ಖಾಲಿ ಕುರ್ಚಿಗಳ ಮೊದಲ ಸಾಲಿನಲ್ಲಿ ಅಕ್ಕಮ್ಮನವರೊಬ್ಬರೇ, ಕರೆಯುತ್ತಾರೆಂದು ಕಾದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

ಜಯರಾಮು ತಾಯಿಯ ಕೈಹಿಡಿದು ಎಬ್ಬಿಸಿದ. ಹಿಂದೆಯೇ ಬಂದ ಫೆಮಿ ಹೋಗಿ ವೈರಿನ ತುದಿ ಹಿಡಿದುಕೊಂಡು ಮೈಕಿನವರ ಹತ್ತಿರ ಅದೇನು ಹೇಳಿದನೋ, ಮೈಕು ಮತ್ತೆ ಗೊರ್ರೆಂದಿತು. ನಿಧಿ ವೇದಿಕೆಯ ಕೆಳಗೆ ನಿಂತು ಮಳವಳ್ಳಿಯ ಲಕ್ಷ್ಮಮ್ಮನವರಿಗೆ ವಿಡಿಯೋ ಕರೆ ಹಚ್ಚಿ ಫೋನನ್ನು ಎತ್ತಿ ಹಿಡಿದಳು. ಅಕ್ಕಮ್ಮ ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತರು. ಏನೂ ಮಾತಾಡಲಿಲ್ಲ. ಕನ್ನಡಕದ ಮೇಲಿನಿಂದ ಊಟದ ಸಾಲನ್ನು ನೋಡಿದರು.

ಮುಂದೆ ನಡೆದದ್ದನ್ನು ನಂಬುವವರು ನಂಬಬಹುದು. ಆ ಸಾಲಿನಲ್ಲಿ ನಿಂತವರು ಇಂಜಿನಿಯರುಗಳು, ಡಾಕ್ಟರುಗಳು, ಗ್ರೀನ್ ಕಾರ್ಡಿನವರು, ಮೂರು ಮನೆಗಳ ಯಜಮಾನರು. ಆದರೆ ಅವರೆಲ್ಲರನ್ನೂ ಒಂದಲ್ಲ ಒಂದು ಕಾಲದಲ್ಲಿ ಒಬ್ಬ ಹೆಡ್‌ಮಿಸ್ಸು ಹೀಗೆಯೇ ಮಾತಾಡದೆ ನೋಡಿದ್ದರು. ಸಾಲಿನ ತುದಿಯಿಂದ ಪಿಸುಮಾತು ಅಡಗುತ್ತ ಬಂತು. ಒಬ್ಬರು ತಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ಇನ್ನೊಬ್ಬರು ಬಂದು ಕುಳಿತರು. ಸುಬ್ಬು ಕೈಕಟ್ಟಿಕೊಂಡು ಕುಳಿತ. ಮುನ್ನೂರು ಜನ ಮಡಿಲಲ್ಲಿ ಖಾಲಿ ತಟ್ಟೆ ಇಟ್ಟುಕೊಂಡು ಕುಳಿತರು. ಕೊನೆಗೆ ಜಯತೀರ್ಥರು ಹಿಂದಿನ ಬಾಗಿಲಿನಿಂದ ಬಂದು, ಸದ್ದಾಗದಂತೆ ಕುರ್ಚಿ ಎಳೆದುಕೊಂಡರು.

ಆಗ ಅಕ್ಕಮ್ಮ ಶುರುಮಾಡಿದರು. ಕ್ರಿಯಾಶೀಲರೂ ಸಹೃದಯಿಗಳೂ ಆದ ಅಧ್ಯಕ್ಷರನ್ನು ವಂದಿಸಿದರು. ಸೀರೆ ಕೊಂಡು ಮುಂದೆ ಕುಣಿದವರನ್ನು, ಕೊಳ್ಳದೆ ಹಿಂದೆ ಕುಣಿದವರನ್ನು, ಕೊಂಡೂ ಹಿಂದೆ ಕುಣಿದ ಒಬ್ಬರನ್ನು ವಂದಿಸಿದರು. ಚಪಾತಿ ಕಡಿಮೆಯಾದದ್ದನ್ನು ಸಮಯಕ್ಕೆ ಸರಿಯಾಗಿ ಗಮನಿಸಿದವರನ್ನು, ಹಿಮ ಸುರಿಸದೆ ಸಹಕರಿಸಿದ ಮೋಡಗಳನ್ನು ವಂದಿಸಿದರು. ವೈರು ಹಿಡಿದು ನಿಂತಿದ್ದ ಫೆಮಿಯನ್ನು ಕೈತೋರಿಸಿ, ನಮಸ್ಕಾರ ಮಾಡುವುದು ಹೇಗೆಂದು ನಮ್ಮ ಮಕ್ಕಳಿಗೆ ತೋರಿಸಿಕೊಡಲು ದೂರದೇಶದಿಂದ ಬಂದ ಈ ತಮ್ಮನಿಗೆ ಎಂದರು. ಅದನ್ನು ಅವರು ಎಲ್ಲಿಂದ ನೋಡಿದ್ದರೋ. ನಿಧಿಯ ಫೋನಿನೊಳಗಿನಿಂದ ಮಳವಳ್ಳಿಯ ಚಪ್ಪಾಳೆ ಸಣ್ಣಗೆ ಕೇಳಿಸಿತು.

ಜಯರಾಮು ಗೋಡೆಗೊರಗಿ, ತನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದ.

“ಕೊನೆಯದಾಗಿ,” ಎಂದರು ಅಕ್ಕಮ್ಮ, “ನನ್ನ ಮಗ ಜಯರಾಮು. ಆಮಂತ್ರಣದ ಕೊನೆಯ ಸಾಲನ್ನು ನನಗೆ ತೋರಿಸದೆ ಬಚ್ಚಿಟ್ಟ. ಸೊಸೆ ಅವತ್ತೇ ತೋರಿಸಿದ್ದಳು. ಕೊಟ್ಟ ಮಾತು ಹೇಗೆ ಉಳಿಸಿಕೊಳ್ಳುತ್ತಾನೋ ನೋಡೋಣ ಅಂತ ಸುಮ್ಮನಿದ್ದೆ. ಉಳಿಸಿಕೊಂಡ. ಮನೆಯವರಿಗೆ ವೇದಿಕೆಯಿಂದ ವಂದನೆ ಹೇಳುವ ಪದ್ಧತಿ ನನ್ನಲ್ಲಿಲ್ಲ. ಅವನಿಗೆ ಹೇಳಬೇಕಾದ್ದನ್ನು ಮನೆಗೆ ಹೋಗಿ ಹೇಳುತ್ತೇನೆ. ಹಸಿದಿದ್ದರೂ ಕುಳಿತು ಕೇಳಿದ ನಿಮ್ಮೆಲ್ಲರಿಗೂ ವಂದಿಸುತ್ತ, ನನ್ನ ವಂದನಾರ್ಪಣೆಯನ್ನು ಮುಗಿಸುತ್ತೇನೆ. ಇನ್ನು ಒಬ್ಬೊಬ್ಬರಾಗಿ, ತಳ್ಳಾಡದೆ, ಊಟಕ್ಕೆ ಏಳಿ.”